ಹಿಮದ ನಾಡಿನಿಂದ ಭಾಲ್ಕಿಗೆ ಬಂದವರು

ಹೋದ ಬೇಸಿಗೆಯಲ್ಲಿ ಮೊಮ್ಮಗಳ ಮದುವೆ ಇತ್ತು. ಬೀದರಿನ ಗಾಂಧಿ ಗಂಜಿನ ಹತ್ತಿರದ ಮಂಗಲ ಕಾರ್ಯಾಲಯಕ್ಕೆ ಕೈಗಾಡಿಯ ಮೇಲೆ ಮಂಜಿನ, ನಮ್ಮ ಮಾತಿನಲ್ಲಿ ಬರ್ಫಿನ, ಗಡ್ಡೆಗಳು ಬಂದವು. ಮೇಲೆ ಗೋಣಿತಟ್ಟು, ಅದರ ಕೆಳಗೆ ಕಟ್ಟಿಗೆಯ ಹೊಟ್ಟು. ತಟ್ಟು ಸರಿಸಿದಾಗ ಹಸಿ ಹೊಟ್ಟಿನ ವಾಸನೆಯ ಜೊತೆಗೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ ನಾನು ಸುಮ್ಮನಿರದೆ ಆ ಗಡ್ಡೆಯ ಮೇಲೆ ಅಂಗೈ ಇಟ್ಟೆ. ಚರ್ಮ ಒಂದು ಗಳಿಗೆ ಅಂಟಿಕೊಂಡಿತು.

"ಯಮ್ಮಾ, ಕೈ ತಗೀರಿ. ಮರಗಟ್ಟತದ" ಎಂದ ಗಾಡಿಯವನು.

ನನ್ನ ಕಿವಿಯಲ್ಲಿ ಆಗಲೇ ಬೇರೊಂದು ದನಿ ಇತ್ತು. "ಅಲ್ಲಿ ಕಬ್ಬಿಣಕ್ಕ ಬರಿಗೈ ಹಚ್ಚಬಾರದು ಬೇಟಿ. ಹಿಡಿದ್ರ ಬಿಡಂಗಿಲ್ಲ ಅದು."

ಅದು ಬರ್ಫ್ ಚಾಚಾನ ಮಾತು. ಭಾಲ್ಕಿಯಲ್ಲಿ ನನ್ನ ಗಂಡನ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಔರಾದಿನಿಂದ ಸೊಸೆಯಾಗಿ ನಾನು ಆ ಓಣಿಗೆ ಬಂದಾಗ ಇನ್ನೂ ಹೈದರಾಬಾದ್ ಸಂಸ್ಥಾನದ ಕಾಲ. ಚಾಚಾ ಹೊಲಿಗೆ ಮಿಷನ್ನು, ಗ್ಯಾಸ್ ಬತ್ತಿ, ಎಣ್ಣೆ ಇಂಜಿನ್ನು ರಿಪೇರಿ ಮಾಡುತ್ತಿದ್ದರು. ಊರಿನವರು ಮಿಸ್ತ್ರಿ ಅನ್ನುತ್ತಿದ್ದರು, ಓಣಿಯ ಮಕ್ಕಳು ಬರ್ಫ್ ಚಾಚಾ ಅನ್ನುತ್ತಿದ್ದರು. ಅವರ ಎಡಗೈಯ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು. ಆ ಬೆರಳುಗಳನ್ನು ಚಳಿ ತಿಂದಿತ್ತು.

ಹರೆಯದಲ್ಲಿ ಮುಂಬಯಿಗೆ ಹೋಗಿ ಗಿರಣಿಯಲ್ಲಿ ಇಂಜಿನ್ ಕೆಲಸ ಕಲಿತವರು, ದೊಡ್ಡ ಯುದ್ಧ ಶುರುವಾದಾಗ ಇಂಗ್ಲಿಷರ ಫೌಜು ಸೇರಿದರು. ಫೌಜಿಗೆ ಅದರದೇ ಸಣ್ಣ ವಿಮಾನಗಳ ಒಂದು ದಳವಿತ್ತಂತೆ. ಚಾಚಾ ಇದ್ದ ಆ ದಳವನ್ನು ಹಡಗಿನಲ್ಲಿ ಹಾಕಿ ಉತ್ತರದ ತುದಿಗೆ, ಸಮುದ್ರವೂ ಹೆಪ್ಪುಗಟ್ಟುವ ಜಾಗಕ್ಕೆ ಕಳಿಸಿದರು. ಆ ಜಾಗದ ಹೆಸರು ಅವರ ಬಾಯಲ್ಲಿ ಒಂದೊಂದು ಸಲ ಒಂದೊಂದು ಥರ ಬರುತ್ತಿತ್ತು. ಸಾಲಿ ಮಾಸ್ತರರೊಬ್ಬರು ನಕಾಶೆ ತಂದು ತೋರಿಸು ಅಂದಾಗ, ಚಾಚಾ ಎಲ್ಲಕ್ಕಿಂತ ಮೇಲಿನ ಬಿಳಿ ಜಾಗದ ಮೇಲೆ ಇಡೀ ಅಂಗೈ ಇಟ್ಟಿದ್ದರಂತೆ.

ಮಧ್ಯಾಹ್ನ ಅತ್ತೆ ಮತ್ತು ನಾನು ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತ ಕೂತಾಗ ಅವರು ತಮ್ಮ ಕಟ್ಟೆಯ ಮೇಲೆ ಯಾವುದಾದರೂ ಯಂತ್ರ ಬಿಚ್ಚಿಕೊಂಡು ಕೂತು ಹೇಳುತ್ತಿದ್ದರು. ಅಲ್ಲಿ ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಹಗಲು ಅನ್ನುವುದು ಬರೀ ಗಡಿಯಾರದಲ್ಲಿ. ವಿಮಾನಗಳಿಗೆ ಗಾಲಿಯ ಬದಲು ಉದ್ದನೆಯ ಹಲಗೆ. ವಿಮಾನ ಇಳಿದ ಕೂಡಲೇ ಇಂಜಿನ್ನಿನ ಎಣ್ಣೆ ಬಸಿದು ಒಳಗೆ ಒಲೆಯ ಹತ್ತಿರ ಇಡಬೇಕು, ಇಲ್ಲದಿದ್ದರೆ ಅದು ಬೆಲ್ಲದ ಹಾಗೆ ಗಟ್ಟಿಯಾಗುತ್ತದೆ. ಮತ್ತೆ ಹಾರಿಸಬೇಕಾದಾಗ ಕೂಸಿಗೆ ಎರೆಯುವ ನೀರಿನ ಹಾಗೆ ಆ ಎಣ್ಣೆ ಕಾಯಿಸಿ, ಇಂಜಿನ್ನಿಗೆ ತಾಡಪತ್ರಿ ಹೊದಿಸಿ, ಕೆಳಗೆ ಸ್ಟೋ ಹಚ್ಚಿ ಕಾಯಬೇಕು. ಅತ್ತೆ ಬೇಳೆ ಬಿಟ್ಟು ಬಾಯಿ ತೆರೆದು ಕೇಳುತ್ತಿದ್ದರು. ಒಳಗಿನಿಂದ ಚಾಚಿ ಮಾತ್ರ, "ಫಿರ್ ಶುರು ಆತು ನೋಡ್ರಿ ಇವರ ಬರ್ಫು" ಎಂದು ಪಾತ್ರೆ ಸದ್ದು ಮಾಡುತ್ತಿದ್ದರು. ಅವರಿಗೆ ಆ ಕತೆಗಳು ಬೇಡವಾಗಿದ್ದವು. ಗಂಡ ಬದುಕಿ ಬಂದಿದ್ದ, ಅಷ್ಟು ಸಾಕಿತ್ತು.

ಒಂದು ಕತೆಯನ್ನು ಚಾಚಾ ಒಮ್ಮೆ ಮಾತ್ರ ಹೇಳಿದರು. ಅಲ್ಲಿ ಹಿಮದ ಗಾಳಿ ಎದ್ದರೆ ತನ್ನ ಕೈ ತನಗೇ ಕಾಣುವುದಿಲ್ಲ. ಅದಕ್ಕೆ ಗುಡಾರದಿಂದ ವಿಮಾನದವರೆಗೂ ಹಗ್ಗ ಕಟ್ಟಿರುತ್ತಾರೆ, ಹಗ್ಗ ಹಿಡಿದೇ ಹೋಗಬೇಕು, ಹಿಡಿದೇ ಬರಬೇಕು. ಅವರ ಜೊತೆಗಿದ್ದ ಇಂಗ್ಲಿಷರ ಗೋರಾ ಹುಡುಗನೊಬ್ಬ ಒಮ್ಮೆ ಗಳಿಗೆಯ ಮಟ್ಟಿಗೆ ಹಗ್ಗ ಬಿಟ್ಟ. ಕೂಗಿದರು, ಗಂಟೆ ಬಡಿದರು, ಅವನು ಬರಲಿಲ್ಲ. ಹಿಮ ಕರಗುವ ಕಾಲ ಬಂದಾಗ ಸಿಕ್ಕ. "ದೂರ ಏನ್ ಹೋಗಿರ್ಲಿಲ್ಲ ಬೇಟಿ. ಇಲ್ಲಿಂದ ನಿಮ್ಮ ಬಾವಿ ಇದ್ದಷ್ಟು..." ಎಂದರು. ಆಮೇಲೆ ಬಹಳ ಹೊತ್ತು ಅರಿವೆಯಿಂದ ಒಂದೇ ಗಾಲಿಯನ್ನು ಒರೆಸುತ್ತ ಕೂತರು.

ಆ ವರ್ಷ ನಮ್ಮ ಕಡೆಯ ಗಾಳಿಯೂ ಕೆಡತೊಡಗಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ಸಂಸ್ಥಾನದ ಪರವಾಗಿ ಖಾಕಿ ತೊಟ್ಟ ಹುಡುಗರು ಲಾರಿಯಲ್ಲಿ ಊರೂರು ತಿರುಗುತ್ತಿದ್ದರು. ಇಂದು ಈ ಹಳ್ಳಿಗೆ ಬೆಂಕಿ ಬಿತ್ತು, ನಿನ್ನೆ ಆ ಹಳ್ಳಿಯ ಗೌಡನನ್ನು ಕಡಿದರು ಎಂಬ ಸುದ್ದಿ. ಅನುಕೂಲವಿದ್ದವರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ನಮ್ಮ ಮಾವನಿಗೆ ಬಟ್ಟೆ ಅಂಗಡಿ ಇತ್ತು, ಹಾಸಿಗೆ ಹಿಡಿದ ಅವರ ತಾಯಿ ಇದ್ದರು. ಹೋಗಲಿಲ್ಲ.

ಒಂದು ದಿನ ಲಾರಿ ನಮ್ಮ ಓಣಿಯಲ್ಲೇ ನಿಂತಿತು. ಅವರಿಗೆ ಬೇಕಾಗಿದ್ದವರು ಚಾಚಾ. ಬೀದರಿನ ವಿಮಾನ ಇಳಿಯುವ ಬಯಲಿಗೆ ಎಲ್ಲಿಂದಲೋ ಬಂದೂಕಿನ ಪೆಟ್ಟಿಗೆ ಹೊತ್ತ ವಿಮಾನಗಳು ಬರುತ್ತಿದ್ದವಂತೆ, ಅವುಗಳ ಇಂಜಿನ್ ನೋಡಲು ಜನ ಬೇಕಿತ್ತು. ಚಾಚಾ ತಮ್ಮ ಮುರುಕು ಬೆರಳು ತೋರಿಸಿ, ಈ ಕೈಯಿಂದ ಆಗದು ಅಂದರು. ಬಂದವರ ಮುಖಂಡ ನಕ್ಕು, ಚಾಚಿ ನಿಂತಿದ್ದ ಬಾಗಿಲ ಕಡೆ ನೋಡಿ, "ಉಳಿದ ಬೆರಳು ಅದಾವಲ್ಲ, ಸಾಕು" ಅಂದ. ಚಾಚಾ ಲಾರಿ ಹತ್ತಿದರು. ಅವರು ಹತ್ತಿದ್ದನ್ನು ಇಡೀ ಓಣಿ ನೋಡಿತು. ಬಾಗಿಲ ಕಡೆಗಿನ ಆ ನೋಟವನ್ನು ನಾನು ಮತ್ತು ಅತ್ತೆ ಬಿಟ್ಟರೆ ಬೇರೆ ಯಾರೂ ನೋಡಲಿಲ್ಲ.

ಕೆಲವು ವಾರ ಕಳೆದ ಮೇಲೆ ಅವರನ್ನು ಬಿಟ್ಟರು. ಮನೆಗೆ ಬಂದ ಚಾಚಾ ಕಟ್ಟೆಯ ಮೇಲೆ ಕೂರಲಿಲ್ಲ, ಕತೆ ಹೇಳಲಿಲ್ಲ. ಒಂದು ಸಂತೆಯ ದಿನ ಬೆಳಗ್ಗೆ ಮಾವ ಅಂಗಡಿಯ ಕೀಲಿ ತೆಗೆದುಕೊಂಡು ಹೊರಟಾಗ ಚಾಚಾ ಹೊಸ್ತಿಲಿಗೆ ಬಂದು ದಾರಿಗೆ ಅಡ್ಡ ನಿಂತರು.

"ಸಾಹುಕಾರ್ರೆ, ಇವತ್ತ ಅಂಗಡಿ ತೆರಿಬ್ಯಾಡ್ರಿ. ಯಾಕ ಅಂತ ಕೇಳಬ್ಯಾಡ್ರಿ."

ಮಾವ ಕಾರಣ ಕೇಳಲಿಲ್ಲ, ಕೀಲಿ ಒಳಗಿಟ್ಟರು. ಅಂದು ಪೇಟೆಯಲ್ಲಿ ಅಂಗಡಿಗಳ ಬಾಗಿಲು ಒಡೆದು ಲೂಟಿ ಮಾಡಿದರು. ಅಂಗಡಿಯಲ್ಲಿ ಕೂತಿದ್ದವರನ್ನು ಹೊರಗೆ ಎಳೆದು ಹಾಕಿದರು. ನಮ್ಮ ಸಾಲಿನ ಕಿರಾಣಿಯವರು ಮತ್ತೆ ಮನೆಗೆ ಬರಲಿಲ್ಲ. ನಮ್ಮ ಬಟ್ಟೆಯ ಥಾನುಗಳು ಹೋದವು. ಮಾವ ಉಳಿದರು.

ಆಮೇಲೆ ಪೊಲೀಸ್ ಕಾರ್ಯಾಚರಣೆ. ಹೊಲದಲ್ಲಿ ಜೋಳ ಎದೆಮಟ್ಟ ಬೆಳೆದಿದ್ದ ಕಾಲ. ಬೆಳಗ್ಗೆ ಆಕಾಶದಲ್ಲಿ ಸದ್ದು ಕೇಳಿತು. ನಾವೆಲ್ಲ ಅಂಗಳಕ್ಕೆ ಓಡಿ ಬಂದೆವು. ಚಾಚಾ ಆಗಲೇ ಹೊರಗೆ ನಿಂತು, ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ವಿಮಾನಗಳು ಬೀದರಿನ ಕಡೆ ಹೋದವು. ಅವರು ಕಣ್ಣು ತೆರೆದು ಮಾವನ ಕಡೆ ತಿರುಗಿದರು.

"ಹಿಂದುಸ್ತಾನದ ಫೌಜು ಬಂತ್ರಿ. ನಿಮ್ಮ ಅಂಜಿಕಿ ಇವತ್ತಿಗಿ ಮುಗೀತು." ಆಮೇಲೆ ಹವೆಯ ಮಾತು ಆಡುವವರ ಹಾಗೆ ಹೇಳಿದರು, "ನಮ್ಮದು ಈಗ ಚಾಲೂ ಆಗ್ತದ."

ಫೌಜು ದೊಡ್ಡ ರಸ್ತೆ ಹಿಡಿದು ಮುಂದೆ ಹೋಯಿತು. ಹಿಂದೆ ಉಳಿದ ಊರುಗಳಲ್ಲಿ ಕೇಳುವವರು ಯಾರೂ ಇರಲಿಲ್ಲ. ಖಾಕಿ ಹುಡುಗರು ಅಂಗಿ ಕಳಚಿ ಎಲ್ಲಿಗೋ ಓಡಿಹೋದರು. ಓಡಲಾರದವರು, ಓಡುವಂಥದ್ದೇನೂ ಮಾಡದವರು ಮನೆಗಳಲ್ಲಿ ಸಿಕ್ಕರು. ಮುಸ್ಸಂಜೆಯಾದರೆ ಯಾವುದೋ ದಿಕ್ಕಿನಲ್ಲಿ ಹೊಗೆ ಕಾಣುತ್ತಿತ್ತು. ಗಾಳಿಯಿಲ್ಲದೆ ನೆಟ್ಟಗೆ ನಿಂತ ಹೊಗೆ. ಅಲ್ಲಿ, ಆ ಹಿಮದ ನಾಡಿನಲ್ಲಿ, ದೊಡ್ಡ ಗಾಳಿ ಬರುವ ಮುಂಚೆ ಒಲೆಯ ಹೊಗೆ ಹೀಗೇ ನಿಲ್ಲುತ್ತಿತ್ತೆಂದು ಚಾಚಾ ಎಂದೋ ಹೇಳಿದ್ದರು. ಈಗ ಅವರೂ ಅದನ್ನೇ ನೋಡುತ್ತಿದ್ದರು.

ಮಾವ ಅವರನ್ನೂ ಚಾಚಿಯನ್ನೂ ಅವರ ಆಚೆ ಮನೆಯ ಇಬ್ಬರು ಹೆಂಗಸರನ್ನೂ ಕರೆತಂದು ನಮ್ಮ ಕಾಳಿನ ಕೋಣೆಯಲ್ಲಿ ಇರಿಸಿದರು. ಕೋಣೆಗೆ ಊಟ ಒಯ್ಯುವ ಕೆಲಸ ನನ್ನದು. ತೊಗರಿ ಚೀಲಗಳ ನಡುವೆ ನಾಲ್ಕೂ ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಚಾಚಿ ಊಟದ ತಟ್ಟೆ ತೆಗೆದುಕೊಳ್ಳುವಾಗ ಅವರ ಬಳೆ ಸದ್ದು ಮಾಡುತ್ತಿದ್ದವು. ಮಾರನೇ ದಿನ ನೋಡಿದರೆ ಬಳೆಗಳನ್ನು ಅರಿವೆಯ ಚೂರಿನಿಂದ ಸುತ್ತಿಕೊಂಡಿದ್ದರು.

ಒಂದು ಮಧ್ಯಾಹ್ನ ಜನ ಬಂದರು. ಕೈಯಲ್ಲಿ ಕುಡಗೋಲು, ಬಡಿಗೆ. ಕೆಲವರು ಗುರುತಿಲ್ಲದವರು, ಕೆಲವರು ನಮ್ಮ ಅಂಗಡಿಗೇ ಬರುತ್ತಿದ್ದ ಒಕ್ಕಲಿನವರು. ಮುಂದೆ ನಿಂತವನ ತಮ್ಮನನ್ನು ಖಾಕಿಯವರು ಕೊಂದಿದ್ದರು. ಅವನ ದುಃಖ ಸುಳ್ಳಾಗಿರಲಿಲ್ಲ. ಅದಕ್ಕೇ ಅವನ ಮುಖ ನೋಡಲು ಹೆಚ್ಚು ಅಂಜಿಕೆಯಾಗುತ್ತಿತ್ತು.

"ಮಿಸ್ತ್ರಿ ಎಲ್ಲಿ ಹಾನ್ರಿ?"

"ಊರು ಬಿಟ್ಟಾನ" ಅಂದರು ಮಾವ.

"ಅವರ ಲಾರಿ ಹತ್ತಿದ್ದು ನಾವು ಕಣ್ಣಾರೆ ಕಂಡೇವಿ."

"ಹತ್ತಿಸಿದ್ರು, ಹತ್ತಿದ. ನನ್ನ ಜೀವ ಉಳಿಸಿದಾಂವ ಅಂವ."

ಮಾವನ ಮಾತಿಗೆ ಊರಲ್ಲಿ ಬೆಲೆ ಇತ್ತು. ಆ ಮನುಷ್ಯ ಮೆಲ್ಲಗೆ ಹೇಳಿದ, "ನೀವು ಶರಣ ಮಂದಿ. ಎದಿ ಮ್ಯಾಲಿನ ಲಿಂಗ ಮುಟ್ಟಿ ಹೇಳ್ರಿ, ನಿಮ್ಮ ಮನಿಯಾಗ ಇಲ್ಲಂತ. ನಾವು ಹೋಗ್ತೇವಿ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸ್ನಾನ, ಪೂಜೆ ಇಲ್ಲದೆ ಒಂದು ತೊಟ್ಟು ನೀರೂ ಕುಡಿಯದ ಮನುಷ್ಯ ನನ್ನ ಮಾವ. ಅಂಗಿಯೊಳಗೆ ಕೈ ಹಾಕಿ ಲಿಂಗದ ಕರಡಿಗೆ ಹಿಡಿದರು. "ನನ್ನ ಮನಿಯಾಗ ಇಲ್ಲ" ಅಂದರು. ಜನ ಹೋದರು. ಮಾವ ಅಲ್ಲೇ ಹೊಸ್ತಿಲ ಮೇಲೆ ಕೂತರು. ಹಿಡಿದ ಕೈ ಬಹಳ ಹೊತ್ತು ಅಂಗಿಯಿಂದ ಹೊರಗೆ ಬರಲಿಲ್ಲ.

ಕಾಳಿನ ಕೋಣೆಯಲ್ಲಿ ಚಾಚಾಗೆ ಎಲ್ಲವೂ ಕೇಳಿಸಿತ್ತು. ಸಂಜೆ ಹೊರಗೆ ಬಂದು ಮಾವನ ಎದುರು ಕೂತರು.

"ಅವರು ಮತ್ತ ಬರ್ತಾರ, ಸಾಹುಕಾರ್ರೆ. ಮತ್ತ ಲಿಂಗ ಮುಟ್ಟು ಅಂತಾರ. ಇನ್ನೊಮ್ಮೆ ನಿಮ್ಮ ಕಡಿಂದ ಆ ಮಾತು ನಾ ಆಡಿಸಂಗಿಲ್ಲ."

"ನಾ ಆಡಿದ್ದು ನನ್ನ ಲಿಂಗಕ್ಕ ಗೊತ್ತದ. ನೀ ಒಳಗ ಹೋಗು" ಅಂದರು ಮಾವ.

ಚಾಚಾ ಕೇಳಲಿಲ್ಲ. ರೈಲಿನ ಓಡಾಟ ನಿಂತುಹೋಗಿತ್ತು. ಬೀದರಿನಲ್ಲಿ ಫೌಜು ಬೀಡು ಬಿಟ್ಟಿದೆ, ಅಲ್ಲಿಗೆ ಮುಟ್ಟಿದರೆ ಸಾಕು, ಫೌಜಿನವರಿಗೆ ಫೌಜಿನವರ ಮಾತು ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಮಾರನೇ ದಿನ ಬಿಸಿಲೇರುವ ಮುಂಚೆ ಖಟಕ ಚಿಂಚೋಳಿಯ ನಮ್ಮ ಹೊಲದ ಆಳು ಗಾಡಿ ಕಟ್ಟಿಕೊಂಡು ಬಂದ. ಚಾಚಿಗೂ ಆ ಇಬ್ಬರಿಗೂ ಅತ್ತೆ ನಮ್ಮ ಸೀರೆ ಉಡಿಸಿದರು. ಹಣೆಗೆ ನಾನು ಕುಂಕುಮ ಹಚ್ಚಿದೆ. ಚಾಚಿ ಕಣ್ಣು ಮುಚ್ಚಿ ಹಚ್ಚಿಸಿಕೊಂಡರು. ಅವರ ಹಣೆ ಸುಡುತ್ತಿತ್ತು. ಚಾಚಾ ಧೋತರ ಉಟ್ಟು, ರುಮಾಲು ಸುತ್ತಿ, ಎಡಗೈ ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡು ಗಾಡಿಯವನ ಪಕ್ಕ ಕೂತರು. ಹೋಗಿ ಬರ್ತೇನಿ ಅನ್ನಲಿಲ್ಲ. ನನ್ನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ...

ಮುಂದಿನದು ನನಗೆ ಗಾಡಿಯವನ ಬಾಯಿಂದ ತಿಳಿದದ್ದು. ಎರಡು ದಿನ ಬಿಟ್ಟು ಅವನು ಒಬ್ಬನೇ ಬಂದು, ನೀರು ಕೇಳಿ ಕುಡಿದು, ಅಂಗಳದಲ್ಲಿ ಕೂತು ಹೇಳಿದ.

ಅರ್ಧ ದಾರಿಯಲ್ಲಿ ಒಂದು ಹಳ್ಳದ ಹತ್ತಿರ ಜನ ಗಾಡಿ ತಡೆದರು. ಯಾರ ಹೆಣ್ಣುಮಕ್ಕಳು, ಯಾವ ಊರು ಎಂದು ಕೇಳಿದರು. ಬಗದಲ್ ಕಡೆಯವರು, ತವರಿಗೆ ಹೊರಟಿದ್ದಾರೆ ಎಂದು ಗಾಡಿಯವನು ಹೇಳಿದ. ಅವರಲ್ಲೊಬ್ಬ ಚಾಚಿಯ ಸೆರಗಿಗೆ ಕೈ ಹಾಕಿ, "ಮಾತಾಡು, ನಿನ್ನ ಮಾತು ಕೇಳಮು" ಅಂದ. ಬಾಯಿ ತೆರೆದರೆ ಚಾಚಿಯ ಕನ್ನಡದಲ್ಲಿ ಅವರ ಮನೆ ಮಾತು ಇಣುಕುತ್ತಿತ್ತು. ಆಗ ಚಾಚಾ ಗಾಡಿಯಿಂದ ಇಳಿದರು. ಮುಚ್ಚಿಕೊಂಡಿದ್ದ ಎಡಗೈ ಹೊರಗೆ ತೆಗೆದು ಎತ್ತಿ ಹಿಡಿದರು.

"ನೀವು ಹುಡುಕೋ ಮಿಸ್ತ್ರಿ ನಾನು. ದಾರ್ಯಾಗ ಗಾಡಿ ಹತ್ತೀನಿ. ಈ ಹೆಣ್ಮಕ್ಕಳ ಗುರ್ತು ನನಗಿಲ್ಲ. ಇವರನ್ನ ಬಿಡ್ರಿ."

ಬೆರಳು ನೋಡಿ ಜನರಿಗೆ ಗುರುತು ಸಿಕ್ಕಿತು. ಎಲ್ಲರೂ ಅವರನ್ನು ಸುತ್ತಿಕೊಂಡರು. ಸೆರಗಿನ ಮೇಲಿನ ಕೈ ಸಡಿಲಾಯಿತು. ಗಾಡಿಯವನು ಎತ್ತುಗಳಿಗೆ ಬಾರಕೋಲು ಬೀಸಿದ. ಚಾಚಿ ಅಳಲಿಲ್ಲ, ಹಿಂದೆ ತಿರುಗಲಿಲ್ಲ. ಗುರುತಿಲ್ಲದ ಗಂಡಸಿಗಾಗಿ ಯಾವ ಹೆಂಗಸೂ ಅಳುವುದಿಲ್ಲವಲ್ಲ. ಬೀದರಿನ ಕೋಟೆಯ ಗೋಡೆ ಕಾಣುವವರೆಗೂ ಸೆರಗು ಬಾಯಲ್ಲಿ ಕಚ್ಚಿ ಹಿಡಿದಿದ್ದರು ಎಂದು ಗಾಡಿಯವನು ಹೇಳಿದ. ಚಾಚಾನನ್ನು ಜೋಳದ ಹೊಲದೊಳಗೆ ಕರೆದೊಯ್ದದ್ದನ್ನು ಅವನು ನೋಡಿದ್ದ. ಅದಕ್ಕಿಂತ ಹೆಚ್ಚಿಗೆ ನೋಡಿರಲಿಲ್ಲ.

ಮಾವ ಆಮೇಲೆ ಬಹಳ ವರ್ಷ ಬದುಕಿದರು. ಚಾಚಾನ ಮನೆಯ ಬಾಗಿಲಿಗೆ ತಾವೇ ಕೀಲಿ ಹಾಕಿ, ಯಾರಿಗೂ ಅದನ್ನು ಹಿಡಿಯಗೊಡಲಿಲ್ಲ.

ನನ್ನ ಗಂಡ ಗಾಂಧಿ ಗಂಜಿನಲ್ಲಿ ಅಡತಿ ಅಂಗಡಿ ಹಾಕಿದ ಮೇಲೆ ನಾವು ಬೀದರಿಗೆ ಬಂದೆವು. ಚಾಚಿ ಹಳೇ ಊರಿನಲ್ಲಿ ತಂಗಿಯ ಮನೆಯಲ್ಲಿದ್ದರು. ಹುಡುಕಿಕೊಂಡು ಹೋದಾಗ ನನ್ನ ಕೈ ಹಿಡಿದು ಕೂರಿಸಿಕೊಂಡರು. ಹಳ್ಳದ ಮಾತು ಇಬ್ಬರೂ ತೆಗೆಯಲಿಲ್ಲ.

"ಅವರು ಬರ್ಫಿನ ಮಾತು ಹೇಳ್ತಿದ್ರಲ್ಲ ಬೇಟಿ, ನಾ ಒಂದೂ ಕಿವಿಗಿ ಹಾಕ್ಕೊಳ್ಳಿಲ್ಲ. ನೀ ಎಲ್ಲ ಕೇಳಿದಿ. ನನಗ ಹೇಳು."

ನಾನು ಹೇಳಿದೆ. ಹೋದಾಗಲೆಲ್ಲ ಹೇಳಿದೆ. ಹುಟ್ಟದ ಸೂರ್ಯ, ಕಾಯಿಸಿದ ಎಣ್ಣೆ, ಕಾಲಿಗೆ ಹಲಗೆ ಕಟ್ಟಿಕೊಂಡ ವಿಮಾನ. ಹಿಮವನ್ನೇ ಕಾಣದ ನಾನು, ಹಿಮವನ್ನೇ ಕಾಣದ ಅವರಿಗೆ. ಹಗ್ಗ ಬಿಟ್ಟ ಹುಡುಗನ ಕತೆ ಮಾತ್ರ ಬಿಟ್ಟಿದ್ದೆ. ಒಮ್ಮೆ ಅವರೇ ಕೇಳಿದರು, "ಅಲ್ಲಿ ನೆಲ ಕಲ್ಲಿನಂಗ ಇರ್ತಿತ್ತು ಅಂತಿ. ಸತ್ತೋರನ್ನ ಹ್ಯಾಂಗ ಮಣ್ಣು ಮಾಡ್ತಿದ್ರು?"

ಚಾಚಾ ಅದನ್ನು ಹೇಳಿರಲಿಲ್ಲ.

"ಇಲ್ಲಿ ನೆಲ ಮೆತ್ತಗದ" ಅಂದರು ಚಾಚಿ. ಮತ್ತೆ ತಮಗೆ ತಾವೇ, "ಯಾರರೆ ಮಣ್ಣು ಹಾಕಿರಬೇಕು..." ಅಂದರು.

ಚಾಚಿಯ ಗೋರಿ ಬೀದರಿನಲ್ಲಿದೆ. ಚಾಚಾನದು ಎಲ್ಲೂ ಇಲ್ಲ. ಯಾವ ಹೊಲ ಎಂದು ಗಾಡಿಯವನು ನನಗೆ ತೋರಿಸಲಿಲ್ಲ, ಈಗ ಅವನೂ ಇಲ್ಲ. ರಸ್ತೆ ಅಗಲವಾಗಿದೆ, ಹಳ್ಳಕ್ಕೆ ಸೇತುವೆಯಾಗಿದೆ. ವರ್ಷಕ್ಕೆ ಒಂದೆರಡು ಸಲ ಬಸ್ಸಿನಲ್ಲಿ ಭಾಲ್ಕಿಗೆ ಹೋಗುತ್ತೇನೆ. ಸೇತುವೆ ದಾಟಿದ ಮೇಲೆ ಎಡಕ್ಕೂ ನೋಡುತ್ತೇನೆ, ಬಲಕ್ಕೂ ನೋಡುತ್ತೇನೆ. ಎರಡೂ ಬದಿಗೆ ಪೈರು ನಿಂತಿರುತ್ತದೆ.