ಅರ್ಧ ಸುತ್ತಿನ ಭಾನುವಾರಗಳು

ನನ್ನ ದಿನಚರಿಯನ್ನು ನಾನು ಬಹಳ ನಂಬುತ್ತೇನೆ. ಅಪ್ಪನಿಗಿಂತ ಹೆಚ್ಚು ನಂಬಿದ್ದೆ ಎಂಬುದು ಇತ್ತೀಚೆಗಷ್ಟೇ ಗೊತ್ತಾಯಿತು. ಹಾಲು ಬಾರದ ದಿನ, ಕರೆಂಟು ಹೋದ ಹೊತ್ತು, ಹೊಸೂರಿನ ಕಾರ್ಖಾನೆಗೆ ನನ್ನನ್ನು ಒಯ್ಯುವ ಬಸ್ಸು ತಡವಾದ ನಿಮಿಷ, ಎಲ್ಲ ಅದರಲ್ಲಿದೆ. ಕಾರ್ಖಾನೆಯಲ್ಲೂ ನನ್ನ ಕೆಲಸ ಇದೇ: ಯಂತ್ರದ ಪಕ್ಕ ನೇತುಹಾಕಿದ ಪಟ್ಟಿಯಲ್ಲಿ ಟಿಕ್ ಹಾಕುವುದು. ಟಿಕ್ ಬಿದ್ದರೆ ಯಂತ್ರ ಚೆನ್ನಾಗಿದೆ ಎಂದರ್ಥ. ಯಂತ್ರದ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಕಳೆದ ಆಯುಧಪೂಜೆಯ ದಿನ ಮನೆಯ ಸ್ಕೂಟರಿಗೂ ಇಂಥದೊಂದು ಪಟ್ಟಿ ಮಾಡಿದೆ.

ಆ ಸ್ಕೂಟರ್ ನನಗಿಂತ ಎರಡು ವರ್ಷ ದೊಡ್ಡದು. ಮಾಲೂರಿನ ಕಡೆಯಿಂದ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಅಪ್ಪ ಕೊಂಡದ್ದು. ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ಅದನ್ನೇರಿ ಡೆಂಕಣಿಕೋಟೆ ರಸ್ತೆಯಲ್ಲಿರುವ ಗೆಳೆಯರ ತೋಟಕ್ಕೆ ಹೋಗುತ್ತಾರೆ. ತರಕಾರಿ ತರುವುದು ನೆಪ. ಆನೆ ಯಾರ ರಾಗಿ ಹೊಲಕ್ಕೆ ನುಗ್ಗಿತು, ಯಾರ ಮಗಳಿಗೆ ಎಲ್ಲಿ ಗಂಡು ನೋಡಿದರು, ಇವು ಗೊತ್ತಾಗದಿದ್ದರೆ ಅವರಿಗೆ ಆ ದಿನ ಬೆಳಗಾದಂತಲ್ಲ.

ಇಂಥ ಸ್ಕೂಟರ್ ಏದುಸಿರು ಬಿಡತೊಡಗಿತು. ನಾನು ಬರೆದಿಟ್ಟೆ. ಮಂಗಳವಾರ: ದಿಬ್ಬದಲ್ಲಿ ಎರಡನೇ ಗೇರಿಗೂ ಏರಲಿಲ್ಲ. ಗುರುವಾರ: ಹಿಂದಿನ ಚಕ್ರದಿಂದ ಸುಟ್ಟ ವಾಸನೆ. ಶನಿವಾರ: ಬ್ರೇಕಿನ ಡ್ರಮ್ಮಿಗೆ ನೀರು ಚಿಮುಕಿಸಿದರೆ ದೋಸೆ ಕಾವಲಿಯಂತೆ ಚುಂಯ್ ಎಂದಿತು. ಬ್ರೇಕ್ ಹಿಡಿದದ್ದು ಬಿಡುತ್ತಿಲ್ಲ ಎಂಬುದು ಖಚಿತವಾಯಿತು. ಕಾರಣವೂ ಸಿಕ್ಕಿತು. ಅಪ್ಪ ಹೊರಟಾಗ ಗೇಟಿನಿಂದ ತಿರುವಿನವರೆಗೆ ಹಿಂದಿನ ಕೆಂಪು ದೀಪ ಎಷ್ಟು ಸಲ ಹೊತ್ತಿತೆಂದು ಎಣಿಸಿದೆ: ಏಳು.

“ಕಾಲು ಬ್ರೇಕ್ ಮ್ಯಾಲೇ ಇಟ್ಕೊಂಡ್ ಓಡಿಸ್ತೀಯ ಅಪ್ಪ, ಅದಕ್ಕೇ ಇಂಗಾಗಿರೋದು.”

“ನೀನ್ ಹುಟ್ಟೋಕ್ ಮುಂಚಿಂದ ಇದೇ ಕಾಲು, ಇದೇ ಬ್ರೇಕು ಕಣಮ್ಮ. ಒಂದಿನಾನೂ ಜಗಳ ಆಡಿಲ್ಲ ಅವು.”

ವಯಸ್ಸಾದ ಮೇಲೆ ಪಾದದ ಅಂದಾಜು ತಪ್ಪುತ್ತದೆ ಎಂದು ತೀರ್ಪು ಕೊಟ್ಟು, ಕೀಲಿಯನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಐದು ದಿನ ಅಪ್ಪ ಮನೆಯಲ್ಲೇ ಉಳಿದರು. ಅಂಗಳ ಎರಡು ಸಲ ಗುಡಿಸಿದರು, ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದರು. “ತಾಯಿ, ನಿಮ್ಮಪ್ಪನ್ನ ಎಲ್ಲಾದ್ರೂ ಕಳ್ಸು, ಬೇಳೆ ಎಲ್ಲಿಕ್ಕವ್ರೋ ಕಾಣೆ,” ಎಂದಳು ಅಮ್ಮ. ತೋಟದ ಗೆಳೆಯರು ಫೋನ್ ಮಾಡಿದಾಗ ಅಪ್ಪ ದನಿ ತಗ್ಗಿಸಿ, “ಮಗಳು ಬ್ಯಾಡ ಅಂದವ್ಳೆ” ಎಂದದ್ದು ನನಗೆ ಕೇಳಿಸಿತು. ಚುಚ್ಚಿತು. ಆದರೂ ವೇಳೆ ಸಮೇತ ಬರೆದುಕೊಂಡೆ.

ಕೊನೆಗೆ ಒಪ್ಪಂದವಾಯಿತು. ಮೆಕ್ಯಾನಿಕ್ ಮುನಿರಾಜಣ್ಣ ನೋಡಲಿ. ತಪ್ಪು ಅಪ್ಪನ ಕಾಲಿನದಾದರೆ ಸ್ಕೂಟರ್ ಮಾರುವುದು, ಅಪ್ಪ ಇನ್ನು ಓಡಿಸಬಾರದು. “ಆಗ್ಲಮ್ಮ,” ಎಂದು ಅಪ್ಪ ಎಷ್ಟು ಬೇಗ ಒಪ್ಪಿದರೆಂದರೆ, ನನಗೆ ಅವರ ಮುಖ ನೋಡಲಾಗಲಿಲ್ಲ.

ಮುನಿರಾಜಣ್ಣ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದ. ಗೇಣಷ್ಟು ತಿರುಗಿ ನಿಂತಿತು. ನಾನು ಸಾಕ್ಷಿಯಾಗಿ ದಿನಚರಿಯನ್ನು ಮುಂದೆ ಹಿಡಿದೆ. ಆತ ಗ್ರೀಸ್ ಕೈಯನ್ನು ಹಿಂದಕ್ಕೆಳೆದುಕೊಂಡ.

“ತಮಿಳಾದ್ರೆ ಓದ್ತೀನಮ್ಮ. ಕನ್ನಡ ಬಾಯಲ್ಲಿ ಮಾತ್ರ. ನೀನೇ ಓದು.”

ಲಾರಿಗಳ ಸದ್ದಿನ ಮೇಲೆ ಗಟ್ಟಿಯಾಗಿ ಓದಿದೆ. ದಿಬ್ಬ, ವಾಸನೆ, ಚುಂಯ್ ಎಲ್ಲಕ್ಕೂ ತಲೆಯಾಡಿಸಿದ. ಅದೇ ಓಘದಲ್ಲಿ ಮುಂದಿನ ಸಾಲನ್ನೂ ಓದಿಬಿಟ್ಟೆ: “ಭಾನುವಾರ, ಗಾಳಿ ನೋಡಿದೆ, ಬ್ರೇಕ್ ನಟ್ ಅರ್ಧ ಸುತ್ತು ಬಿಗಿ ಮಾಡಿದೆ, ಟಿಕ್.”

“ನಿಲ್ಸು. ಯಾವ್ ಭಾನ್ವಾರ?”

“ಎಲ್ಲಾ ಭಾನ್ವಾರ.”

“ಎಷ್ಟು?”

ಪುಟ ತಿರುವಿ ಎಣಿಸಿದೆ. ಹದಿಮೂರು. ನನ್ನ ದಾಖಲೆಯಲ್ಲಿ ಒಂದು ವಾರವೂ ತಪ್ಪಿರಲಿಲ್ಲ.

“ಯಾಕಮ್ಮ ಬಿಗಿ ಮಾಡ್ದೆ? ಸಡ್ಲ ಆಗಿತ್ತಾ?”

“ಅದು... ಪಟ್ಟೀಲಿತ್ತಣ್ಣ.”

ಅಪ್ಪ ರಸ್ತೆಯಾಚೆಯ ಬ್ಯಾನರನ್ನು ತದೇಕಚಿತ್ತದಿಂದ ನೋಡುತ್ತಿದ್ದರು. ಅವರ ಭುಜ ಮಾತ್ರ ಕುಲುಕುತ್ತಿತ್ತು.

“ಪೆಡಲ್ ಒತ್ತಿದ್ರೆ ಒಂಚೂರು ಸುಮ್ನೆ ಇಳೀಬೇಕಮ್ಮ, ಆಮೇಲೆ ಹಿಡೀಬೇಕು. ನೀನು ಆ ಒಂಚೂರನ್ನೇ ತಿಂದಾಕ್ಬುಟ್ಟಿದೀಯ,” ಎಂದ ಮುನಿರಾಜಣ್ಣ. ನಟ್ ಸಡಿಲಿಸಿ ಚಕ್ರ ಬಿಚ್ಚಿದ. ಡ್ರಮ್ಮಿನೊಳಗೆ ಅರ್ಧಚಂದ್ರದಂಥ ಎರಡು ಬ್ರೇಕ್ ಶೂಗಳು. ತುಳಿದಾಗ ಅವು ಅಗಲವಾಗಿ ಡ್ರಮ್ಮನ್ನು ಒಳಗಿನಿಂದ ಒತ್ತುತ್ತವೆ. ಕಾಲು ತೆಗೆದಾಗ ಸ್ಪ್ರಿಂಗ್ ಅವನ್ನು ಹಿಂದಕ್ಕೆ ಎಳೆಯುತ್ತದೆ. ಹಿಡಿಯಲು ಯಾರ ಕಾಲಾದರೂ ಸಾಕು, ಬಿಡುವುದಕ್ಕೇ ಬೇರೊಂದು ಸಾಧನ ಇಟ್ಟಿದ್ದಾರೆ. ಬ್ರೇಕು ಕಂಡುಹಿಡಿದವರಿಗೆ ನನ್ನಂಥ ಮಗಳಿದ್ದಿರಬೇಕು. ಸುಟ್ಟು ಗಾಜಿನಂತೆ ನುಣುಪಾಗಿದ್ದ ಶೂಗಳನ್ನು ಉಪ್ಪುಕಾಗದದಿಂದ ಉಜ್ಜಿ, ಅವನ್ನು ಅಗಲಿಸುವ ಕಬ್ಬಿಣದ ತುಂಡಿಗೆ ಗ್ರೀಸ್ ಸವರಿ, ಎಲ್ಲ ಜೋಡಿಸಿದ ಮೇಲೆ ಚಕ್ರ ನಿಲ್ಲುವುದನ್ನೇ ಮರೆತು ತಿರುಗಿತು.

ಕೊನೆಯ ಆಸೆಯಿಂದ ಕೇಳಿದೆ: “ಅಪ್ಪನ ಕಾಲಿಂದು ಏನೂ ತಪ್ಪಿಲ್ವಾ ಅಣ್ಣ?”

“ಯಜಮಾನ್ರ ಕಾಲಾ? ಇಂಥಾ ನಟ್ಟಿಟ್ಕೊಂಡು ಡೆಂಕಣಿಕೋಟೆ ರೋಡಲ್ಲಿ ಓಡಿಸವ್ರೆ. ಆ ಕಾಲಿಗೆ ಪೂಜೆ ಮಾಡ್ಬೇಕು!”

ಕೀಲಿ ಕೊಟ್ಟೆ. ಅಪ್ಪ ಏನಾದರೂ ಅನ್ನಲಿ ಎಂದು ಕಾದೆ, ಅಂದಿದ್ದರೆ ಹಗುರಾಗುತ್ತಿತ್ತು. “ಹತ್ತು, ತೋಟಕ್ಕೋಗ್ ಬರಣ,” ಎಂದರು ಅಷ್ಟೇ.

ಹಿಂದೆ ಕೂತೆ. ಗಾಡಿ ಹಗುರಾಗಿ ಹರಿಯಿತು. ಮೊದಲ ತಿರುವಿನಲ್ಲಿ ಎದುರಿಗೊಂದು ಬಸ್ಸು ಬಂತು. ಅಪ್ಪ ನಿಧಾನವಾಗಿ ಪಕ್ಕಕ್ಕೆ ಸರಿದರು. ನನ್ನ ಬಲಗಾಲು ಮಾತ್ರ ಕಾಲಿಡುವ ಪಟ್ಟಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಮುಂದೆ ರಸ್ತೆಯುಬ್ಬು ಬಂದಾಗಲೂ ಒತ್ತಿತು, ದಾರಿಗಡ್ಡ ಮೇಕೆ ಬಂದಾಗಲೂ ಒತ್ತಿತು. ಹಿಂದೆ ಕೂತವರಿಗೂ ಒಂದು ಬ್ರೇಕು ಇರುತ್ತದೆ. ಅದಕ್ಕೆ ಕೇಬಲ್ ಜೋಡಿಸದೆ ಬಿಟ್ಟದ್ದು ಓಡಿಸುವವರ ಪುಣ್ಯ.