ಅತ್ತಿಗೆ ಕಲಿಸಿದ ಕಿಕ್ಕು

ನಮ್ಮ ಅತ್ತಿಗೆಯ ಬಲಗಾಲಿನ ಮೀನಖಂಡದ ಮೇಲೆ ವೀಳ್ಯದೆಲೆಯಗಲದ ಸುಟ್ಟ ಕಲೆಯಿತ್ತು. ಅವರು ಮದುವೆಯಾಗಿ ನಮ್ಮೂರು ರಾವಂದೂರಿಗೆ ಬಂದ ಹೊಸತರಲ್ಲಿ ನಾನು ಕೇಳಿದ್ದಕ್ಕೆ, "ಸೈಲೆನ್ಸರ್ ಮುತ್ತು ಕೊಟ್ಟಿದ್ದು ಕಣವ್ವ" ಎಂದು ನಕ್ಕಿದ್ದರು. ಹುಣಸೂರಿನಲ್ಲಿ ಅವರಪ್ಪನದು ಮೋಟಾರ್ ಸೈಕಲ್ ರಿಪೇರಿ ಶೆಡ್ಡು.

ಅಣ್ಣ ಮೈಸೂರಿನಿಂದ ತಂದಿದ್ದ ಹಳೇ ಬೈಕು ಮಹಾ ಮೊಂಡು. ಅವನು ಬೆವರು ಸುರಿಸಿಕೊಂಡು ಒದೆಯುತ್ತಿದ್ದರೆ, ಅತ್ತಿಗೆ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಲೇ ಸದ್ದು ಕೇಳಿ, "ಎಕ್ಸಿಲೇಟ್ರು ಮುಟ್ಬೇಡಿ ಅನ್ನು ನಿಮ್ಮಣ್ಣಂಗೆ" ಎಂದು ನನ್ನ ಕೈಲಿ ಹೇಳಿಕಳಿಸುವರು. ತಾವು ಹೊರಗೆ ಬರುವಂತಿರಲಿಲ್ಲ. "ಸೊಸೆ ಗಾಡಿ ಒದ್ರೆ ಊರವ್ರು ಏನಂದಾರು?" ಎಂದು ಅವ್ವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಒಂದು ಮಧ್ಯಾಹ್ನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹತ್ತಿರ ಸೌದೆ ಎತ್ತುವಾಗ ಅಣ್ಣನಿಗೆ ನಾಗರಹಾವು ಕಚ್ಚಿತು. ಪಿರಿಯಾಪಟ್ಟಣದ ಆಸ್ಪತ್ರೆಗೆ ಹೋಗಬೇಕು; ಬಸ್ಸು ಆಗಲೇ ಹೋಗಿತ್ತು. ಗಂಡಸರೆಲ್ಲ ಒಬ್ಬರಾದ ಮೇಲೊಬ್ಬರು ಬೈಕು ಒದ್ದರು. ಪೆಟ್ರೋಲ್ ವಾಸನೆ ಬಂತೇ ಹೊರತು ಗಾಡಿ ಕೆಮ್ಮಲೂ ಇಲ್ಲ.

"ಬುಡ್ರಿ ಅತ್ಲಾಗೆ! ಪೆಟ್ರೋಲು ಕುಡ್ಸಿ ಕುಡ್ಸಿ ಉಸಿರು ಕಟ್ಸಿದೀರಿ!"

ಅತ್ತಿಗೆ ನುಗ್ಗಿ ಬಂದರು. ಪೆಟ್ರೋಲ್ ನಿಲ್ಲಿಸಿ ಪ್ಲಗ್ಗು ಬಿಚ್ಚಿದರು. "ನಾ ಬರೋಗಂಟ ಬರೀ ಒದೀತಿರಿ, ಒಳಗಿರೋದು ಹೊರಕ್ಕೆ ಹೋಗ್ಲಿ" ಎಂದವರೇ ಒಳಗೋಡಿ, ಪ್ಲಗ್ಗನ್ನು ಸೆರಗಲ್ಲಿ ಒರೆಸಿ, ಇಕ್ಕಳದಲ್ಲಿ ಒಲೆಯ ಕೆಂಡಕ್ಕೆ ಹಿಡಿದು ಒಣಗಿಸಿ ತಂದು, ಮತ್ತೆ ತಿರುಗಿಸಿ ಕೂರಿಸಿ, ಪೆಟ್ರೋಲ್ ಬಿಟ್ಟರು. ಕಿಕ್ಕರನ್ನು ಮೆಲ್ಲಗೆ ಒತ್ತಿದರು. ಅದು ಗಟ್ಟಿಯಾಗಿ ತಡೆದ ಕಡೆ ನಿಂತು, ಕೂದಲೆಳೆಯಷ್ಟು ದಾಟಿಸಿ, ಮತ್ತೆ ಮೇಲಕ್ಕೆ ಬಿಟ್ಟರು.

ಅವ್ವ ಮುಂದೆ ಬಂದಳು. ಬಯ್ಯುತ್ತಾಳೆಂದುಕೊಂಡೆ. ಅವಳು ಬಗ್ಗಿ, ಸೊಸೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, "ಒದಿಯೇ ನನ್ನವ್ವ, ಒದಿ!" ಎಂದು ಕೂಗಿದಳು.

ಅತ್ತಿಗೆ ಮೈಯೆಲ್ಲ ಎತ್ತಿ ಒಂದೇ ಒದೆ ಒದ್ದರು. ಗಾಡಿ ಗುಡುಗಿತು! ನಡುವೆ ಅಣ್ಣ, ಹಿಂದೆ ಅವನನ್ನು ತಬ್ಬಿಕೊಂಡ ನಾನು. ಧೂಳೆಬ್ಬಿಸಿಕೊಂಡು ಹೊರಟ ಅತ್ತಿಗೆ ಗಾಡಿ ನಿಲ್ಲಿಸಿದ್ದು ಆಸ್ಪತ್ರೆಯ ಬಾಗಿಲಲ್ಲೇ. ಅಣ್ಣ ಬದುಕಿದ.

ಆಮೇಲೆ ಅವ್ವನೇ ನನ್ನನ್ನು ತೋರಿಸಿ, "ಇವಳಿಗೂ ಕಲಿಸು" ಅಂದಳು. ಅತ್ತಿಗೆ ಕಲಿಸಿದರು. ಕೆಲವು ವರ್ಷಗಳ ಮೇಲೆ ನನಗೆ ಕಾಕನಕೋಟೆ ಕಾಡಿನ ಬುಡಕಟ್ಟಿನವರ ಹಾಡಿಗಳನ್ನು ಸುತ್ತುವ ಗ್ರಾಮಸೇವಿಕೆಯ ಕೆಲಸ ಸಿಕ್ಕಿತು. ಅಣ್ಣ ಆ ಬೈಕನ್ನೇ ಕೊಟ್ಟ. ಹೊರಡುವ ದಿನ ಬೀದಿಯವರೆಲ್ಲ ನೋಡುತ್ತಿರುವಾಗ ಅದು ಹಟ ಹಿಡಿಯಿತು. ನಾನು ಅತ್ತಿಗೆಯ ಕಡೆ ನೋಡಿದೆ. ಜಗಲಿಯಿಂದ ಅವರು ಅಲ್ಲಾಡಲಿಲ್ಲ.

"ನಾ ಬರಾಕಿಲ್ಲ. ಕಾಡಲ್ಲಿ ನಿಂತೋದ್ರೆ ಅತ್ತಿಗೇನ ಕೂಗ್ತೀಯಾ? ನೀನೇ ಒದಿ!"

ಒದ್ದೆ. ಹೊತ್ತಿಕೊಂಡಿತು. ಹಿಂದಿನಿಂದ ಅತ್ತಿಗೆ ಹಾಕಿದ ಕೇಕೆ ಇಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತು.

ಅತ್ತಿಗೆ ತೀರಿಕೊಂಡು ವರ್ಷಗಳಾದವು. ಆ ಕಾಡುದಾರಿಗಳಲ್ಲಿ ಗಾಡಿ ಎಷ್ಟೋ ಸಲ ನಿಂತಿದೆ. ನಾನು ಯಾರನ್ನೂ ಕೂಗಿಲ್ಲ.