ಕೈಗಡಿಯಾರ ನುಂಗಿದ ಪೆಟ್ಟಿಗೆ

ನಮ್ಮ ಪಕ್ಕದ ಮನೆಯ ಪೆಟ್ಟಿಗೆ ಮಾಮ ಜಾದೂ ಮಾಡಿದವರಲ್ಲ. ಜಾದೂಗಾರರಿಗೆ ಜಾದೂ ಮಾಡಿಕೊಟ್ಟವರು. ವೇದಿಕೆ ಹತ್ತುವ ಮಾತೆತ್ತಿದರೆ ಹಿತ್ತಿಲಿಗೆ ಜಾರಿಕೊಳ್ಳುತ್ತಿದ್ದರು. ದಿನವೆಲ್ಲ ಹಿಂದಿನ ಕೋಣೆಯಲ್ಲಿ ಮರ ಹೆರೆದು, ಕನ್ನಡಿ ಕತ್ತರಿಸಿ, ಸ್ಪ್ರಿಂಗು ಬಾಗಿಸಿ ಹೊಸ ತಂತ್ರಗಳನ್ನು ಹೊಸೆಯುತ್ತಿದ್ದರು.

ಅವರ ಹೆಂಡತಿ ಬೀದಿಗೆಲ್ಲ ಅತ್ತೆ. ಅತ್ತೆಯ ಕಣ್ಣಿಗೆ ಮಣ್ಣೆರಚದ ಹೊರತು ಯಾವ ಪೆಟ್ಟಿಗೆಯೂ ಹೊಸ್ತಿಲು ದಾಟಕೂಡದೆಂಬುದು ಮಾಮನ ನಿಯಮ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು, ಬಟಾಣಿ ಸುಲಿಯುತ್ತಲೇ ನೋಡುವರು. "ಎಡಗಡೆ ಹಲಗೆ ಅಲ್ಲಾಡ್ತು" ಎಂದರೆ ಮುಗಿಯಿತು; ಮಾಮ ಮರುಮಾತಾಡದೆ ಎಲ್ಲವನ್ನೂ ಬಿಚ್ಚುವರು.

ಒಂದು ವರ್ಷ ಮಾಮ ಎರಡು ತಿಂಗಳು ಜ್ವರದಿಂದ ಹಾಸಿಗೆ ಹಿಡಿದಿದ್ದರು. ಎದ್ದವರೇ ಕೈಗಡಿಯಾರವನ್ನು ಮಾಯಮಾಡುವ ಪೆಟ್ಟಿಗೆಗೆ ಕೈಹಾಕಿದರು. ಮಾಡಿ ತೋರಿಸಿದ ಮೊದಲ ನಾಲ್ಕು ಸಲವೂ ಅತ್ತೆ ಗುಟ್ಟು ಹಿಡಿದರು. ಐದನೆಯ ಸಲ, "ಗೊತ್ತಾಗ್ಲಿಲ್ಲ ರೀ" ಎಂದರು.

ವಾರ ಕಳೆಯುವಷ್ಟರಲ್ಲಿ, ಪೆಟ್ಟಿಗೆಯನ್ನು ಕೊಂಡುಹೋಗಿದ್ದ ಜಾದೂಗಾರ ಅದನ್ನು ವಾಪಸು ಹೊತ್ತು ತಂದ.

"ಮುಂದಿನ ಸಾಲಿನ ಅಜ್ಜಿ, ‘ಅಗೋ ಕನ್ನಡಿ!’ ಅಂದ್ಬಿಟ್ಲು, ಮಾಮ. ಸಭೆಗೆ ಸಭೇನೇ ನಕ್ಬಿಡ್ತು. ನಿಮ್ಮ ಮಾಲು ಅಂದ್ರೆ ನಾನು ಕಣ್ಮುಚ್ಚಿ ತಗೊಳ್ತಿದ್ದೆ."

ಅವನು ಹೋದ ಮೇಲೆ ಮಾಮ ಹೆಂಡತಿಯನ್ನು ಕೇಳಿದರು: "ನಿಂಗೆ ಕಂಡಿತ್ತಾ?"

"ಮುಚ್ಚಳ ಎತ್ತಿದ ಕೂಡ್ಲೇ ಕನ್ನಡಿ ಅಂಚು ಮಿಂಚ್ತು. ಸೊರಗಿದ ನಿಮ್ಮ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ."

"ಇನ್ಮೇಲೆ ನಿನ್ನ ಮಾತು ಹೇಗೆ ನಂಬ್ಲಿ?"

ಅತ್ತೆಯ ಮಾತೊಂದೇ ಮಾಮನ ಅಳತೆಗೋಲು. ಅದು ಮುರಿದರೆ ಕಸಬೇ ಮುರಿದಂತೆ. ಇಪ್ಪತ್ತು ದಿನ ಆ ಕೋಣೆಯಲ್ಲಿ ಉಳಿಯ ಸದ್ದಿಲ್ಲ. ಕೊನೆಗೆ ಅತ್ತೆಯೇ ಪೆಟ್ಟಿಗೆಯನ್ನು ತಂದು ಮಾಮನ ಮುಂದೆ ಕುಕ್ಕಿದರು.

"ತಪ್ಪು ನಂದು. ರಿಪೇರಿ ನಿಮ್ದು."

ಮಾಮ ಕನ್ನಡಿಯ ಅಂಚಿಗೆ ಕಪ್ಪು ಬಟ್ಟೆ ಅಂಟಿಸಿ, ಅದರ ಓರೆಯನ್ನು ತಿದ್ದಿ, ಕೈಗಡಿಯಾರವನ್ನು ಮಾಯಮಾಡಿ ತೋರಿಸಿದರು.

"ಗೊತ್ತಾಗ್ಲಿಲ್ಲ" ಎಂದರು ಅತ್ತೆ.

"ಮತ್ತೆ ಕನಿಕರಾನಾ?"

"ಸುಮ್ನೆ ಇನ್ನೊಂದ್ಸಲ ಮಾಡಿ."

ಮಾಡಿದರು. ಅತ್ತೆ ಬಟಾಣಿಯ ತಟ್ಟೆಯನ್ನು ಕೆಳಗಿಟ್ಟರು. ಮೂರನೆಯ ಸಲಕ್ಕೆ ಎದ್ದು ಬಂದು ಪೆಟ್ಟಿಗೆಯನ್ನೇ ಕಸಿದುಕೊಂಡರು. ತಟ್ಟಿದರು, ಅಲ್ಲಾಡಿಸಿದರು, ಒಳಗೆ ಮೂಗು ತೂರಿಸಿದರು.

"ಇದೆಂಥ ಹಾಳು ಪೆಟ್ಟಿಗೆ! ಎಲ್ಲಿಟ್ರಿ, ಹೇಳ್ರೀ!"

ಹಾಲು ಉಕ್ಕಿ ಸೀದ ವಾಸನೆ ನಮ್ಮ ಮನೆಗೂ ಬಂತು. ನನ್ನಾಕೆ ಕಿಟಕಿಯಿಂದ, "ಅತ್ತೇ, ಹಾಲು!" ಎಂದು ಕೂಗಿದಳು. ಅತ್ತೆ ತಲೆಯೆತ್ತಲಿಲ್ಲ.

ಮಾಮ ತಾವೇ ಹೋಗಿ ಒಲೆ ಆರಿಸಿದರು. ಆಮೇಲೆ ಕೈಯೊರೆಸಿಕೊಂಡು, ಪೆಟ್ಟಿಗೆ ಸಿದ್ಧವಾಗಿದೆಯೆಂದು ಜಾದೂಗಾರನಿಗೆ ಕಾಗದ ಬರೆಯಲು ಕುಳಿತರು.